ಯುದ್ಧದ ಕಾಲದ ನಾಟಕದ ಹಾಡುಗಳು ಎಲ್ಲಿ ಉಳಿದಿವೆ?

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಇಯರ್‌ಫೋನ್ ಹಾಕ್ಕೊಂಡು ಹೊಲದ ಕಡೆ ಹೊರಟಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಮೊದಲು ಒಂದು ಪ್ರಶ್ನೆ. 1942ರಲ್ಲಿ ರಂಗದ ಮೇಲೆ ಹಾಡಿದ ಒಂದು ಹಾಡನ್ನ ಇವತ್ತು ಕೇಳಬೇಕು ಅಂದ್ರೆ ಏನು ಮಾಡ್ತೀರಿ?

ಆ ಹಾಡು ಅಮೆರಿಕದ್ದಾದ್ರೆ ಏನೂ ಕಷ್ಟ ಇಲ್ಲ. 1942ರ ಜುಲೈ 4ರಂದು ನ್ಯೂಯಾರ್ಕಿನಲ್ಲಿ 'ದಿಸ್ ಈಸ್ ದಿ ಆರ್ಮಿ' ಅನ್ನೋ ಸಂಗೀತ ಪ್ರದರ್ಶನ ಶುರುವಾಯ್ತು. ಅದರಲ್ಲಿ ಉದ್ದಕ್ಕೂ ಸಾಗೋ ಒಂದೇ ಕಥೆ ಇರ್ಲಿಲ್ಲ. ಹಾಡು, ಕುಣಿತ, ನಗೆ ಚಟಾಕಿ, ಮತ್ತೆ ಹಾಡು. ಬರೆದವರು ಇರ್ವಿಂಗ್ ಬರ್ಲಿನ್, ಹಾಡಿದವರು ಸೈನ್ಯದ ಸಿಪಾಯಿಗಳು. ಹಾಡುಗಳ ರೆಕಾರ್ಡ್ ಬಂತು, 1943ರಲ್ಲಿ ಸಿನಿಮಾನೂ ಆಯ್ತು. ಇವತ್ತು ಫೋನಲ್ಲಿ ಹುಡುಕಿದ್ರೆ ಎರಡು ನಿಮಿಷದಲ್ಲಿ ಸಿಗುತ್ತೆ. ಬ್ರಿಟನ್ನಿನ ಗಾಯಕಿ ವೆರಾ ಲಿನ್ 1944ರಲ್ಲಿ ಬರ್ಮಾ ಗಡಿವರೆಗೂ ಬಂದು ಸೈನಿಕರಿಗೆ ಹಾಡಿದ್ರು. ಅವರ ದನಿಯೂ ಸಿಗುತ್ತೆ.

ಸರಿ, ಅದೇ ವರ್ಷ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು, ಕೊಳ್ಳೇಗಾಲದ ಜನ ಕೇಳ್ತಿದ್ದ ನಾಟಕದ ಹಾಡುಗಳು? ಅವುಗಳಲ್ಲಿ ಬಹುಪಾಲು ಯಾವ ಯಂತ್ರದೊಳಗೂ ಸೇರಲಿಲ್ಲ. ಹಾಗಂತ ಸತ್ತೂ ಹೋಗಲಿಲ್ಲ. ಹಬ್ಬದ ರಾತ್ರಿ ಈ ಕಡೆಯ ಒಂದು ಹಳ್ಳಿಯಲ್ಲಿ 'ಕುರುಕ್ಷೇತ್ರ' ನಾಟಕ ಇದೆ ಅಂದ್ರೆ, ಹೋಗಿ ಕೂತು ನೋಡಿ. ಹಾರ್ಮೋನಿಯಂ ಮುಂದೆ ಕೂತ ಮೇಷ್ಟ್ರು ಶ್ರುತಿ ಹಿಡಿದು, ದುರ್ಯೋಧನ ಗದೆ ಊರಿ ಬಾಯಿ ಬಿಟ್ಟ ಕೂಡಲೇ ನಿಮ್ಮ ಕಿವಿಗೆ ಬೀಳೋದು ಆ ಕಾಲದ ಕಂಪನಿ ನಾಟಕದ ಧಾಟಿ. ಇದು ಹೇಗೆ ಉಳೀತು ಅನ್ನೋದೇ ಇವತ್ತಿನ ಕಥೆ.

ಎರಡು ಸರ್ಕಾರ, ಒಂದೇ ಸೀಮೆ

ಮೊದಲು ನಕ್ಷೆ ಸರಿಯಾಗಿ ಇಟ್ಟುಕೊಳ್ಳೋಣ. ಈಗಿನ ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮಹಾರಾಜರ ಮೈಸೂರು ಸಂಸ್ಥಾನದಲ್ಲಿದ್ವು. ಕೊಳ್ಳೇಗಾಲ ಮಾತ್ರ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದು ಮೈಸೂರಿಗೆ ಬಂದಿದ್ದು 1956ರ ನವೆಂಬರ್ 1ಕ್ಕೆ. ಹತ್ತಿರದ ಗಾಜನೂರು ಇವತ್ತಿಗೂ ತಮಿಳುನಾಡಿನಲ್ಲೇ ಇದೆ. 2000ದಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನ ಅಪಹರಿಸಿದ ಊರು ಅಂದ್ರೆ ಎಲ್ಲರಿಗೂ ನೆನಪಾಗುತ್ತೆ.

ಸರ್ಕಾರ ಬೇರೆ ಬೇರೆ ಇದ್ರೂ ಮಾತು ಒಂದೇ, ಮಾದಪ್ಪನ ಹಾಡು ಒಂದೇ, ನಾಟಕದ ಹುಚ್ಚೂ ಒಂದೇ. ಆದ್ರೆ ನಾಟಕ ಕಂಪನಿ ಊರಿಗೆ ಬರೋದಕ್ಕೆ ದಾರಿ ಬೇಕಲ್ಲ? ಪರದೆ, ಸೀನರಿ, ಕಿರೀಟ, ಗದೆ, ಬಟ್ಟೆ ಪೆಟ್ಟಿಗೆ, ಅಡುಗೆ ಪಾತ್ರೆ, ಜೊತೆಗೆ ಹತ್ತಾರು ಜನ ನಟರು. ಇಷ್ಟನ್ನೂ ಸಾಗಿಸೋಕೆ ಸುಲಭದ ದಾರಿ ಅಂದ್ರೆ ರೈಲು. ನಂಜನಗೂಡಿನವರೆಗೆ ಬಂದು ನಿಂತಿದ್ದ ರೈಲು ಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿತು. ಗುಂಡ್ಲುಪೇಟೆಗೆ ಇವತ್ತಿಗೂ ರೈಲಿಲ್ಲ. ಊಟಿ ರಸ್ತೆಯಲ್ಲಿ ಎತ್ತಿನ ಗಾಡಿ, ಇಲ್ಲಾ ಬಸ್ಸು. ಹಾಗಾಗಿ ದೊಡ್ಡ ನಾಟಕ ನೋಡಬೇಕು ಅನ್ನೋ ಹಳ್ಳಿ ಜನ ತಾವೇ ಗಾಡಿ ಕಟ್ಟಿಕೊಂಡು, ಇಲ್ಲಾ ನಡ್ಕೊಂಡು, ಕಂಪನಿ ಕ್ಯಾಂಪ್ ಹಾಕಿದ ಊರಿಗೆ ಹೋಗಬೇಕಿತ್ತು.

ಸಿಂಗಾನಲ್ಲೂರಿನಿಂದ ಹೊರಟ ದನಿ

ಈ ಸೀಮೆಯಿಂದ ಕಂಪನಿ ಸೇರಿದ ದೊಡ್ಡ ದನಿ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರದ್ದು. ಊರು ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರು. ಸೇರಿದ್ದು ಗುಬ್ಬಿ ಕಂಪನಿ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಆಮೇಲೆ ಗುಬ್ಬಿ ವೀರಣ್ಣ ಅದನ್ನ ಕನ್ನಡ ನಾಡಿನ ಅತಿ ದೊಡ್ಡ ಕಂಪನಿ ಮಾಡಿದ್ರು. ಪುಟ್ಟಸ್ವಾಮಯ್ಯ ಅಲ್ಲಿ ಹಿರಣ್ಯಕಶಿಪು, ರಾವಣ, ಕಂಸ ಮುಂತಾದ ಗತ್ತಿನ ಪಾತ್ರಗಳಿಗೆ ಹೆಸರಾದವರು.

ಅವರ ಮಗ ಮುತ್ತುರಾಜ. ಹುಟ್ಟಿದ್ದು 1929ರ ಏಪ್ರಿಲ್ 24, ಗಾಜನೂರಿನಲ್ಲಿ. ಓದು ಹೆಚ್ಚು ದಿನ ನಡೀಲಿಲ್ಲ. ಸ್ಲೇಟು ಬಿಟ್ಟು ಅಪ್ಪನ ಜೊತೆ ಕಂಪನಿ ಸೇರಿದ ಹುಡುಗ. ಈಗ ಒಂದು ಲೆಕ್ಕ ಹಾಕಿ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಅವನಿಗೆ 10 ವರ್ಷ. 1945ರ ಆಗಸ್ಟಿನಲ್ಲಿ ಮುಗಿದಾಗ 16. ಹುಡುಗನ ಗಂಟಲು ಒಡೆದು ಗಂಡಸಿನ ಗಂಟಲಾಗೋ ವಯಸ್ಸು ಪೂರ್ತಿ ಯುದ್ಧದ ವರ್ಷಗಳಲ್ಲೇ ಕಳೀತು. ಆಮೇಲೆ ಇಡೀ ಕರ್ನಾಟಕ ಕೇಳಿದ ಒಂದು ದನಿ ಪಳಗಿದ್ದು ಆ ಕಾಲದ ರಂಗದ ಮೇಲೆ. ಕಂಪನಿಯೇ ಅವನ ಶಾಲೆ, ಹಾಡೇ ಪಾಠ.

ಕಂಪನಿ ನಾಟಕದ ಹಾಡು ಅಂದ್ರೆ ಏನು?

ಇವತ್ತು ನಾವು ನಾಟಕ ಅಂದ್ರೆ ಮಾತು, ಮಧ್ಯೆ ಒಂದೆರಡು ಹಾಡು ಅಂದುಕೊಳ್ತೀವಿ. ಕಂಪನಿ ನಾಟಕದಲ್ಲಿ ಲೆಕ್ಕ ಉಲ್ಟಾ. ಪಾತ್ರ ಒಳಗೆ ಬರೋದೇ ಹಾಡಿಕೊಂಡು. ಸಿಟ್ಟು ಬಂದ್ರೆ ಕಂದ ಪದ್ಯ, ದುಃಖ ಬಂದ್ರೆ ಹಾಡು, ಜಗಳ ಅಂದ್ರೆ ಸಾಲಿಗೆ ಸಾಲು ಕೊಡೋ ಪದ್ಯ. ಒಂದು ರಾತ್ರಿಗೆ ಹತ್ತಾರು ಹಾಡು. ಜನ 'ಒನ್ಸ್ ಮೋರ್' ಅಂತ ಕೂಗಿದ್ರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಂದು ಸಲ ಹಾಡಿ ಸಾಯಬೇಕು!

ಧಾಟಿಗಳು ಬಂದದ್ದು ಎಲ್ಲಾ ಕಡೆಯಿಂದ. ಮೈಸೂರಿನ ಕರ್ನಾಟಕ ಸಂಗೀತ, ಮರಾಠಿ ನಾಟಕದವರು ಹೊತ್ತು ತಂದ ಹಿಂದೂಸ್ತಾನಿ ರಾಗಗಳು, ಪಾರ್ಸಿ ಕಂಪನಿಗಳ ಠಾಕುಠೀಕು. ಹೊಸ ಹಾಡು ಬರೆಯೋ ಕವಿ, ಜನರಿಗೆ ಮೊದಲೇ ಗೊತ್ತಿದ್ದ ಒಂದು ಹಾಡಿನ ಧಾಟಿಗೆ ಪದ ಜೋಡಿಸ್ತಿದ್ದ. ಇದಕ್ಕೆ 'ಮಟ್ಟು' ಅಂತಾರೆ. ಹಾಡಿನ ಮೇಲೆ ರಾಗ, ತಾಳ, ಮತ್ತೆ ಇಂಥಾ ಹಾಡಿನ ಮಟ್ಟು ಅಂತ ಬರೆದುಬಿಟ್ರೆ ಮುಗೀತು. ಸ್ವರ ಬರೆಯೋ ಗೊಡವೆ ಇಲ್ಲ. ರೀಲ್ಸಿನಲ್ಲಿ ಒಂದೇ ಆಡಿಯೋಗೆ ಸಾವಿರ ಜನ ವಿಡಿಯೋ ಮಾಡ್ತಾರಲ್ಲ, ಆ ಉಪಾಯ ನಮ್ಮ ನಾಟಕದವರಿಗೆ ಆಗಲೇ ಗೊತ್ತಿತ್ತು.

ಮೈಕ್ ಇಲ್ಲದ ಕಾಲದಲ್ಲಿ ಬೆಳೆದ ಹಾಡುಗಾರಿಕೆ ಇದು. ಕಟ್ಟಕಡೆಯ ಸಾಲಲ್ಲಿ ನೆಲದ ಮೇಲೆ ಕೂತವನಿಗೂ ಪದ ಬಿಡಿಸಿ ಕೇಳಬೇಕು. ಅದಕ್ಕೇ ಗಂಡಸರೂ ಏರು ಶ್ರುತಿಯಲ್ಲಿ, ಎದೆ ತುಂಬಿ ಹಾಡ್ತಿದ್ರು. ಅವರ ಕೆಳಗೆ ಕಾಲಲ್ಲಿ ತುಳಿದು ಗಾಳಿ ತುಂಬೋ ಹಾರ್ಮೋನಿಯಂ, ಪಕ್ಕದಲ್ಲಿ ತಬಲ.

ಮತ್ತೆ ಹಾಸ್ಯ. ವಿದೇಶದ ಆ ಸಂಗೀತ ಪ್ರದರ್ಶನಕ್ಕೆ ನಮ್ಮಲ್ಲಿ ಅತಿ ಹತ್ತಿರ ಬರೋದು ಇದೇ. ಪುರಾಣದ ಕಥೆಯನ್ನ ಪಕ್ಕಕ್ಕಿಟ್ಟು ಹಾಸ್ಯದ ಪಾತ್ರಗಳು ಬಂದು, ಹಾಡಿ ಕುಣಿದು, ಅವತ್ತಿನ ಊರ ಸುದ್ದಿಯನ್ನೂ ಸೇರಿಸಿ ನಗಿಸಿ ಹೋಗ್ತಿದ್ವು. ಗುಬ್ಬಿ ವೀರಣ್ಣನವರೇ ಮೂಲತಃ ಹಾಸ್ಯನಟ. 'ಸದಾರಮೆ'ಯ ಕಳ್ಳನ ಪಾತ್ರ ಅವರಿಗೆ ತಂದ ಹೆಸರು ಅಷ್ಟಿಷ್ಟಲ್ಲ. ಯುದ್ಧದ ನಡುವೆಯೇ, 1942ರಲ್ಲಿ, ಕೆ. ಹಿರಣ್ಣಯ್ಯ ತಮ್ಮ ಮಿತ್ರ ಮಂಡಳಿ ಕಟ್ಟಿದ್ರು. ಅವರ ಮಗ ಮಾಸ್ಟರ್ ಹಿರಣ್ಣಯ್ಯ ಮುಂದೆ 'ಲಂಚಾವತಾರ'ದಲ್ಲಿ ಮಂತ್ರಿಗಳನ್ನ ಮುಖಕ್ಕೇ ಬೈದು ನಗಿಸಿದ್ದು ಇದೇ ಪರಂಪರೆಯಿಂದ ಬಂದ ಧೈರ್ಯ.

ಯುದ್ಧ ನಮ್ಮೂರಿಗೆ ಬಂದ ಬಗೆ

ಬಾಂಬು ನಮ್ಮ ಸೀಮೆ ಮೇಲೆ ಬೀಳಲಿಲ್ಲ. ಯುದ್ಧ ಬಂದದ್ದು ಸೀಮೆಎಣ್ಣೆ ಡಬ್ಬದ ದಾರಿಯಿಂದ. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈ ಸೇರಿತು. ಬರ್ಮಾದಿಂದ ಬರ್ತಿದ್ದ ಅಕ್ಕಿ ನಿಂತಿತು, ಎಣ್ಣೆ ನಿಂತಿತು. ಕರೆಂಟಿಲ್ಲದ ಊರಲ್ಲಿ ರಾತ್ರಿಯಿಡೀ ನಾಟಕ ಆಡಬೇಕಾದ್ರೆ ಪೆಟ್ರೋಮ್ಯಾಕ್ಸಿಗೆ ಬೇಕಾಗಿದ್ದು ಅದೇ ಸೀಮೆಎಣ್ಣೆ. ಪೆಟ್ರೋಲಿಗೆ ರೇಷನ್. ಕಾಗದಕ್ಕೆ ನಿಯಂತ್ರಣ, ಹಾಡಿನ ಪುಸ್ತಕ ಅಚ್ಚಾಗೋದು ಕಾಗದದ ಮೇಲೇ ತಾನೆ? ರೈಲಿನಲ್ಲಿ ಮೊದಲ ಜಾಗ ಸೈನ್ಯದ ಸಾಮಾನಿಗೆ. ಚಿಲ್ಲರೆಗೂ ಬರ. ಲೋಹ ಉಳಿಸೋಕೆ ಅಂತ ಸರ್ಕಾರ 1943ರಲ್ಲಿ ನಡುವೆ ತೂತು ಇರೋ ಕಾಸು ಬಿಟ್ಟಿತು. ನಿಮ್ಮ ಅಜ್ಜಿ ಉಡಿದಾರಕ್ಕೆ ಪೋಣಿಸಿದ ತೂತುಕಾಸು ಇಟ್ಟಿದ್ರೆ, ಅದು ಯುದ್ಧದ ಕಾಸು.

ಜನರೂ ಹೋದ್ರು. ಆ ಯುದ್ಧದಲ್ಲಿ ಭಾರತೀಯ ಸೈನ್ಯಕ್ಕೆ ಸೇರಿದವರು ಸುಮಾರು 25 ಲಕ್ಷ. ಮೈಸೂರು ಸಂಸ್ಥಾನದ ಪದಾತಿ ದಳದವರು 1942ರ ಫೆಬ್ರವರಿಯಲ್ಲಿ ಸಿಂಗಾಪುರ ಶರಣಾದಾಗ ಜಪಾನೀಯರಿಗೆ ಸೆರೆ ಸಿಕ್ಕಿದ್ರು.

ಸಿನಿಮಾಗೂ ಏಟು ಬಿತ್ತು. ಕಚ್ಚಾ ಫಿಲ್ಮ್ ಹೊರದೇಶದಿಂದ ಬರಬೇಕಿತ್ತು. ಸರ್ಕಾರ ಒಂದು ಚಿತ್ರಕ್ಕೆ 11,000 ಅಡಿ ಅಂತ ಮಿತಿ ಹಾಕಿತು, ಅಂದ್ರೆ ಸುಮಾರು ಎರಡು ಗಂಟೆ. ಯುದ್ಧದ ವರ್ಷಗಳಲ್ಲಿ ಬಂದ ಕನ್ನಡ ಚಿತ್ರಗಳನ್ನ ಬೆರಳಲ್ಲಿ ಎಣಿಸಬಹುದು. ಬಂದವುಗಳ ಹಿಂದೆಯೂ ಇದ್ದದ್ದು ನಾಟಕದವರೇ. 1942ರ 'ಜೀವನ ನಾಟಕ', 1945ರ 'ಹೇಮರೆಡ್ಡಿ ಮಲ್ಲಮ್ಮ' ಗುಬ್ಬಿ ವೀರಣ್ಣನವರ ಚಿತ್ರಗಳು. 1943ರ 'ವಾಣಿ' ಕೆ. ಹಿರಣ್ಣಯ್ಯನವರದ್ದು.

ಇನ್ನು ಗ್ರಾಮಫೋನ್ ತಟ್ಟೆ. ಅದನ್ನ ಮಾಡ್ತಿದ್ದದ್ದು ಅರಗಿನಿಂದ. ಹೌದು, ಪಾಂಡವರನ್ನ ಸುಡೋಕೆ ಕಟ್ಟಿದ ಅರಗಿನ ಮನೆಯ ಅದೇ ಅರಗು. ಜಗತ್ತಿಗೆ ಅರಗು ಹೋಗ್ತಿದ್ದದ್ದು ಮುಖ್ಯವಾಗಿ ಭಾರತದಿಂದಲೇ. ಯುದ್ಧ ಸಾಮಗ್ರಿಗೂ ಅದು ಬೇಕಾಗಿದ್ದರಿಂದ 1942ರಲ್ಲಿ ಅಮೆರಿಕ ತನ್ನ ರೆಕಾರ್ಡ್ ಕಂಪನಿಗಳಿಗೇ ಕಡಿವಾಣ ಹಾಕಿತು. ಅರಗು ಧಾರಾಳವಾಗಿ ಇದ್ದಾಗಲೂ ತಟ್ಟೆಯ ಒಂದು ಮುಖಕ್ಕೆ ಹಿಡಿಸ್ತಿದ್ದದ್ದು ಮೂರು ಮೂರೂವರೆ ನಿಮಿಷ. ಕೆಲವು ನಾಟಕದ ಹಾಡುಗಳು ತಟ್ಟೆಗೆ ಹೋದ್ವು, ನಿಜ. ಆದ್ರೆ ಬೆಳಗಿನ ಜಾವದವರೆಗೆ ನಡೆಯೋ ನಾಟಕವನ್ನ ಮೂರು ನಿಮಿಷಕ್ಕೆ ಹೇಗೆ ಮಡಚೋದು?

ಹಾರ್ಮೋನಿಯಂಗೆ ಬಿದ್ದ ನಿಷೇಧ

ಹಾಗಾದ್ರೆ ರೇಡಿಯೋ? ಇಲ್ಲೊಂದು ತಮಾಷೆ ಇದೆ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಕಾರಣ ಏನು ಗೊತ್ತಾ? ಅದು ಯುರೋಪಿನಿಂದ ಬಂದ ವಾದ್ಯ, ಅದರ ಸ್ವರಗಳು ಮನೆಯಲ್ಲಿ ಜಡಿದ ಮೊಳೆ ಹಾಗೆ, ನಮ್ಮ ಗಮಕ ಅದರಲ್ಲಿ ಬರಲ್ಲ ಅನ್ನೋ ವಾದ. ರವೀಂದ್ರನಾಥ ಟಾಗೋರರೂ ಅದರ ವಿರುದ್ಧವೇ ಇದ್ರು. ಈ ನಿಷೇಧ ಸಡಿಲ ಆಗಿದ್ದು 1971ರಲ್ಲಿ. ನಮ್ಮ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಶುರು ಮಾಡಿದ 'ಆಕಾಶವಾಣಿ' ಬೇರೆಯೇ ನಿಲಯ, ಆಲ್ ಇಂಡಿಯಾ ರೇಡಿಯೋಗೆ ಸೇರಿದ್ದಲ್ಲ. ಆದ್ರೆ ಹಳ್ಳಿಯಲ್ಲಿ ರೇಡಿಯೋ ಯಾರ ಮನೆಯಲ್ಲಿತ್ತು?

ಸಂಗೀತ ವಿದ್ವಾಂಸರ ತಕರಾರಿನಲ್ಲಿ ಹುರುಳಿಲ್ಲ ಅಂತ ಹೇಳೋಕಾಗಲ್ಲ. ಆದ್ರೆ ಅವರು ದೋಷ ಅಂದದ್ದೇ ಹಳ್ಳಿಗೆ ಗುಣ ಆಯ್ತು. ಸ್ವರ ಮನೆ ಬಿಟ್ಟು ಕದಲಲ್ಲ ಅಂದ್ರೆ ಕಲಿಯೋನಿಗೆ ಎಷ್ಟು ಸುಲಭ! ಓದು ಬರಹ ಬಾರದ ರೈತನಿಗೆ ಮೇಷ್ಟ್ರು ಆ ಮನೆ ಒತ್ತಿ ಹಿಡಿದ್ರೆ ಸಾಕು, ದನಿ ಅಲ್ಲಿಗೆ ಬಂದು ಕೂರುತ್ತೆ. ವೀಣೆ ಕಲಿಸೋಕೆ ವರ್ಷಗಟ್ಟಲೆ ಬೇಕು. ಹಾರ್ಮೋನಿಯಂ ಇಟ್ಟುಕೊಂಡು ನಾಲ್ಕೈದು ತಿಂಗಳಲ್ಲಿ ಊರಿನ ಇಪ್ಪತ್ತು ಜನರನ್ನ ರಂಗಕ್ಕೆ ಹತ್ತಿಸಬಹುದು. ರೇಡಿಯೋ ಹೊರಗಿಟ್ಟ ಪೆಟ್ಟಿಗೆಯನ್ನ ಹಳ್ಳಿ ಒಳಗೆ ಕರ್ಕೊಂಡಿತು.

ರಂಗದ ಮೇಲಿನ ಯುದ್ಧ

ಅಮೆರಿಕದವರು ತಮ್ಮ ಸೈನ್ಯದ ಬಗ್ಗೆ ಹಾಡು ಕಟ್ಟಿದ್ರು. ನಮ್ಮವರು ಜರ್ಮನಿ, ಜಪಾನ್ ಹೆಸರೆತ್ತದೆ ಯುದ್ಧದ ಹಾಡು ಹಾಡಿದ್ರು. 1930ರ ದಶಕದಲ್ಲಿ ಗುಬ್ಬಿ ಕಂಪನಿ 'ಕುರುಕ್ಷೇತ್ರ'ವನ್ನ ರಂಗಕ್ಕೆ ತಂದಿತ್ತು, ನಿಜವಾದ ಆನೆ ಕುದುರೆಗಳ ಸಮೇತ. ಆನೆ ನೋಡೋಕೆ ಜನ ಮುಗಿಬಿದ್ದದ್ದು ನಿಜ. ಆದ್ರೆ ಅವರು ಮನೆಗೆ ಹೊತ್ತುಕೊಂಡು ಹೋಗಿದ್ದು ಹಾಡುಗಳನ್ನ.

ಈ ನಾಟಕದ ಜೀವಾಳ ಬಾಣ ಬಿಡೋದರಲ್ಲಿಲ್ಲ. ಯುದ್ಧ ಬೇಡ ಅಂತ ಕೃಷ್ಣ ಸಂಧಾನಕ್ಕೆ ಬರ್ತಾನೆ, ಹಾಡ್ತಾನೆ. ಐದು ಊರು ಕೊಟ್ರೂ ಸಾಕು ಅಂತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡಲ್ಲ ಅಂತ ದುರ್ಯೋಧನ ತಿರುಗಿ ಹಾಡ್ತಾನೆ. ಕುಂತಿ ಕರ್ಣನ ಮುಂದೆ ನಿಂತು ಅಳ್ತಾಳೆ. ಚಕ್ರವ್ಯೂಹಕ್ಕೆ ಹೊರಟ ಅಭಿಮನ್ಯುವನ್ನ ಉತ್ತರೆ ತಡೀತಾಳೆ. ಮೀಸೆ ಚಿಗುರಿದ ಹುಡುಗ, ಬಸುರಿ ಹೆಂಡತಿ. ಸಿಂಗಾಪುರದ ಸುದ್ದಿ ಬಂದ ಕಾಲದಲ್ಲೂ ಕನ್ನಡದ ಅಭಿಮನ್ಯು ಹೀಗೇ ಹಾಡಿ ಹೊರಡ್ತಿದ್ದ. ಇಡೀ ರಾತ್ರಿಯ ಹಾಡು ಕೇಳೋ ಪ್ರಶ್ನೆ ಒಂದೇ: ದೊಡ್ಡವರ ಹಟಕ್ಕೆ ಮಕ್ಕಳು ಯಾಕೆ ಸಾಯಬೇಕು?

ಪುರಾಣದಲ್ಲಿ ಇವತ್ತಿನ ಮಾತು ಅಡಗಿರುತ್ತೆ ಅಂತ ಸರ್ಕಾರಕ್ಕೂ ಗೊತ್ತಿತ್ತು. 1876ರಲ್ಲೇ ಬ್ರಿಟಿಷರು ನಾಟಕ ನಿಯಂತ್ರಣಕ್ಕೆ ಕಾಯ್ದೆ ತಂದಿದ್ರು. 1907ರ ಮರಾಠಿ ನಾಟಕ 'ಕೀಚಕವಧ'ದಲ್ಲಿ ಜನ ಕೀಚಕನ ಜಾಗದಲ್ಲಿ ವೈಸರಾಯ್ ಕರ್ಜನ್‌ನನ್ನೇ ಕಂಡ್ರು, 1910ರಲ್ಲಿ ಆ ನಾಟಕ ನಿಷೇಧ ಆಯ್ತು.

ಕಂಪನಿ ಹೋಯ್ತು, ಹಾಡು ಹಳ್ಳಿಗೆ ಬಂತು

ಯುದ್ಧ ಮುಗಿದ ಮೇಲೆ ಸಿನಿಮಾ ಮತ್ತೆ ಚೇತರಿಸಿಕೊಂಡಿತು, ಕಂಪನಿಗಳು ಒಂದೊಂದಾಗಿ ಸೊರಗಿದ್ವು. ಕೆಲಸ ಬಿಟ್ಟ ನಟರು, ಹಾರ್ಮೋನಿಯಂ ನುಡಿಸೋರು ಊರೂರಿನ 'ನಾಟಕದ ಮೇಷ್ಟ್ರು' ಆದ್ರು. ಅವರ ಜೊತೆ ಬಂದದ್ದು ಹಾಡಿನ ನೋಟ್‌ಬುಕ್ಕು.

ಹಳ್ಳಿ ನಾಟಕದ ವ್ಯವಸ್ಥೆ ನೋಡಿದವರಿಗೆ ಗೊತ್ತು, ಅದೊಂದು ಅಚ್ಚರಿ. ಇಲ್ಲಿ ನಟನಿಗೆ ಸಂಬಳ ಇಲ್ಲ. ನಟನೇ ಪಾತ್ರಕ್ಕೆ ಇಷ್ಟು ಅಂತ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನನ ಪಾತ್ರ ಬೇಕಂದ್ರೆ ಜೇಬು ಗಟ್ಟಿ ಇರಬೇಕು. ರಾತ್ರಿ ಊಟ ಆದ್ಮೇಲೆ ರಾಮಮಂದಿರದಲ್ಲೋ ದೇವಸ್ಥಾನದ ಜಗಲಿ ಮೇಲೋ ತಿಂಗಳುಗಟ್ಟಲೆ ಪ್ರಾಕ್ಟೀಸು. ಹಗಲು ಅರಿಶಿನಕ್ಕೋ ಈರುಳ್ಳಿಗೋ ನೀರು ಕಟ್ಟಿದವನು ರಾತ್ರಿ ಭೀಮ. ಸೀನರಿ ಬಾಡಿಗೆಗೆ ಬರುತ್ತೆ. ದ್ರೌಪದಿ, ಉತ್ತರೆ, ಕುಂತಿ ಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರು ಬರ್ತಾರೆ. ಒಂದೇ ರಾತ್ರಿಯಲ್ಲಿ ಆ ಖರ್ಚೆಲ್ಲಾ ಮುಗಿದೇ ಹೋಗುತ್ತೆ. ಆದ್ರೆ ಅವನು ಕಲಿತ ಹಾಡು ಸಾಯೋವರೆಗೂ ಅವನದ್ದೇ. ಮುಂದೆ ಮಗ ಪಾತ್ರ ಹಾಕಿದ್ರೆ ಮಗನದ್ದೂ.

ಅದೇ ಹಾಡುಗಾರಿಕೆ ಬೆಳ್ಳಿತೆರೆಗೂ ಹೋಯ್ತು. ಮುತ್ತುರಾಜ 1954ರಲ್ಲಿ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್ ಆದ್ರು. 1977ರ 'ಬಭ್ರುವಾಹನ'ದಲ್ಲಿ ಅಪ್ಪ ಅರ್ಜುನ, ಮಗ ಬಭ್ರುವಾಹನ ರಣರಂಗದಲ್ಲಿ ನಿಂತು ಹಾಡಿನಲ್ಲೇ ಜಗಳ ಆಡ್ತಾರಲ್ಲ, ಅದು ಸಾಕ್ಷಾತ್ ಕಂಪನಿ ನಾಟಕದ ದೃಶ್ಯ. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಯವರೂ ರಂಗಭೂಮಿಯಿಂದಲೇ ಬಂದವರು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್ ಹಾಕಿದ್ದು ಹಿರಣ್ಯಕಶಿಪು, ಅಂದ್ರೆ ಅವರ ತಂದೆಯ ಹೆಸರಾಂತ ಪಾತ್ರ. ಪುಟ್ಟಸ್ವಾಮಯ್ಯನವರ ಗತ್ತು ಹೇಗಿತ್ತು ಅಂತ ಊಹಿಸಬೇಕಾದ್ರೆ ನಾನು ಹೋಗೋದು ಆ ಚಿತ್ರಕ್ಕೇ. 1992ರ 'ಜೀವನ ಚೈತ್ರ'ದ ಹಾಡಿಗೆ ರಾಜ್‌ಕುಮಾರ್ ಶ್ರೇಷ್ಠ ಹಿನ್ನೆಲೆ ಗಾಯಕ ಅಂತ ರಾಷ್ಟ್ರಪ್ರಶಸ್ತಿ ಪಡೆದ್ರು. ಆ ದನಿಯ ಪಾಠಶಾಲೆ ಸಂಗೀತ ಕಾಲೇಜಲ್ಲ, ಪರದೆ ಹಿಂದಿನ ಜಾಗ.

ಈಗ ಏನಾಗ್ತಿದೆ?

ಹಾಡಿದ್ದರಿಂದಲೇ ಉಳಿದ ಹಾಡಿಗೆ ಒಂದು ಅಪಾಯ ಇದೆ. ಹಾಡೋದು ನಿಂತ ದಿನ ಅದು ಪೂರ್ತಿ ಹೋಗುತ್ತೆ. ತಟ್ಟೆ ಮೇಲಿನ ಹಾಡು ಐವತ್ತು ವರ್ಷ ಅಟ್ಟದ ಮೇಲೆ ಮಲಗಿದ್ದು ಎದ್ದು ಬರಬಹುದು. ಮೇಷ್ಟ್ರ ಗಂಟಲಿನ ಹಾಡಿಗೆ ಅಟ್ಟ ಇಲ್ಲ. ನೋಟ್‌ಬುಕ್ಕಿನಲ್ಲಿ ಪದ ಇರುತ್ತೆ, ರಾಗ ತಾಳದ ಹೆಸರೂ ಇರುತ್ತೆ. ಆದ್ರೆ 'ಇಂಥಾ ಹಾಡಿನ ಮಟ್ಟು' ಅಂತ ಬರೆದಿದ್ದು, ಆ ಮೂಲ ಹಾಡನ್ನೇ ಜನ ಮರೆತಿದ್ರೆ? ಬೀಗ ಇದೆ, ಕೀಲಿ ಇಲ್ಲ ಅಂದ ಹಾಗೆ.

ಹಾರ್ಮೋನಿಯಂ ಪಕ್ಕ ಈಗ ಕ್ಯಾಸಿಯೊ ಬಂದಿದೆ, ರಿದಂ ಪ್ಯಾಡ್ ಬಂದಿದೆ, ಕೊರಳಿಗೆ ಮೈಕ್ ಬಂದಿದೆ. ಅದಕ್ಕೆ ಕೊರಗಬೇಕಿಲ್ಲ, ಒಂದು ಕಾಲಕ್ಕೆ ಹಾರ್ಮೋನಿಯಂ ಕೂಡ ಹೊರಗಿನಿಂದ ಬಂದದ್ದೇ. ಇನ್ನೊಂದು ಕಡೆ ಇಡೀ ರಾತ್ರಿಯ ನಾಟಕಗಳು ಯೂಟ್ಯೂಬಲ್ಲಿ ಬೀಳ್ತಿವೆ. ಯುದ್ಧದ ಕಾಲದಲ್ಲಿ ಅರಗಿಗೆ, ಫಿಲ್ಮಿಗೆ, ಕಾಗದಕ್ಕೆ ಬರ ಇತ್ತು. ಇವತ್ತು ಅಂಥ ಯಾವ ಬರವೂ ಇಲ್ಲ. ನಿಮ್ಮ ಜೇಬಿನ ಫೋನಿಗೆ ಮೂರು ನಿಮಿಷದ ಮಿತಿಯೂ ಇಲ್ಲ, 11,000 ಅಡಿಯ ಮಿತಿಯೂ ಇಲ್ಲ.

ಹಾಗಾಗಿ ಒಂದು ಸಣ್ಣ ಕೆಲಸ ಹೇಳ್ತೀನಿ. ನಿಮ್ಮೂರಿನಲ್ಲಿ ಹಿಂದೆ ಪಾತ್ರ ಹಾಕಿದ ತಾತ ಇದ್ರೆ ಹೋಗಿ ಕೇಳಿ, 'ತಾತ, ನಿಂದು ಯಾವ ಪಾತ್ರ?' ಅಂತ. ಮೊದಲು ನಾಚ್ಕೊಳ್ತಾರೆ, ಆಮೇಲೆ ನೀವು ಸಾಕು ಅಂದ್ರೂ ಬಿಡಲ್ಲ. ಹಾಡಿಸಿ, ರೆಕಾರ್ಡ್ ಮಾಡಿ. ಯಾವ ಪಾತ್ರದ ಹಾಡು, ಯಾವ ಸನ್ನಿವೇಶ, ಕಲಿಸಿದ ಮೇಷ್ಟ್ರು ಯಾರು, ಯಾವ ಮಟ್ಟು, ಈ ನಾಲ್ಕನ್ನೂ ಅವರ ಬಾಯಲ್ಲೇ ಹೇಳಿಸಿ. ನೋಟ್‌ಬುಕ್ ಇದ್ರೆ ಪುಟಪುಟವೂ ಫೋಟೋ ತೆಗೀರಿ.

ಮತ್ತೆ ಈ ಸಲ ಹಬ್ಬಕ್ಕೆ ಊರಲ್ಲಿ ನಾಟಕ ಇದ್ರೆ ಹತ್ತು ಗಂಟೆಗೇ ಎದ್ದು ಹೋಗಬೇಡಿ. ಕೃಷ್ಣ ಸಂಧಾನ ಬರೋದು ರಾತ್ರಿ ಚೆನ್ನಾಗಿ ಏರಿದ ಮೇಲೆ. ಅಲ್ಲಿವರೆಗೂ ಕೂತಿರಿ.